ವೂಫರ್ ಸತ್ತಿಲ್ಲ, ಅದರ ಫೋಮ್ ಸತ್ತಿದೆ (ಭಾಗ 4)

ಮೊದಲನೇ ಫೋಟೋದಲ್ಲಿ ಕಪ್ಪು ಪುಡಿ ಕಾಣ್ತಿದೆಯಲ್ಲ, ಅದು ಇಲಿ ಕಡಿದದ್ದಲ್ಲ. ವೂಫರ್ ಕೋನ್ ಸುತ್ತ ಇರೋ ಫೋಮ್ ರಿಂಗ್ ಉದುರಿರೋದು. ಈ ಫೋಮ್ ಪಾಲಿಯುರೆಥೇನ್‌ನದು. ಗಾಳಿಯಲ್ಲಿರೋ ತೇವವೇ ಅದನ್ನ ನಿಧಾನಕ್ಕೆ ಒಡೆದುಹಾಕುತ್ತೆ. ಹಾಡು ಹಾಕದೆ ಮೂಲೇಲಿಟ್ಟರೂ ಕೊಳೆಯುತ್ತೆ. ಯಸಳೂರು ಕಡೆ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಫೋಮ್ ಯಾವ ಲೆಕ್ಕ.

ನಮ್ಮನೆ ಹಳೇ ಸಬ್‌ವೂಫರ್ ಹೋದ ವರ್ಷ ಪರ್ ಪರ್ ಅನ್ನೋಕೆ ಶುರು ಮಾಡ್ತು. ಅಪ್ಪ ಪೇಟೇಲಿ ಒಂದು ಅಂಗಡಿಗೆ ಕೊಟ್ಟರು. 'ಕಾಯಿಲ್ ಸುಟ್ಟಿದೆ' ಅಂದ್ರು, ಹೊಸ ವೂಫರ್ ಹಾಕಿ ಕೊಟ್ಟರು. ಸೌಂಡ್ ಜೋರಾಯ್ತು, ಆದ್ರೆ ಎಲ್ಲಾ ಹಾಡಿಗೂ ಒಂದೇ ಡಬ ಡಬ. ಹಳೇದು ಎಲ್ಲಿ ಅಂದ್ರೆ 'ಗುಜರಿಗೆ ಹಾಕಿಬಿಟ್ವಿ'. ಆಮೇಲೆ ಮೊಬೈಲಲ್ಲಿದ್ದ ಹಳೇ ಫೋಟೋ ಜೂಮ್ ಮಾಡಿದ್ರೆ ಫೋಮ್ ಅರ್ಧ ಸುತ್ತು ಹರಿದಿತ್ತು. ಕಾಯಿಲ್ ನಿಜವಾಗ್ಲೂ ಸುಟ್ಟಿತ್ತಾ? ಇನ್ನು ಗೊತ್ತಾಗೋದೇ ಇಲ್ಲ.

ಅದಕ್ಕೇ ಹೇಳ್ತಿರೋದು: ನಿಮ್ಮ ಕಣ್ಣೆದುರಿಗೇ ಮೀಟರ್ ಇಡೋಕೆ ಹೇಳಿ, ಬಿಚ್ಚಿದ ಪಾರ್ಟ್ ವಾಪಸ್ ಕೇಳಿ. ಇದು ಜಗಳ ಅಲ್ಲ ಕಣ್ರೋ, ನಿಮ್ಮದೇ ವಸ್ತು.

ಮನೇಲೇ ನೋಡ್ಕೋಬಹುದು. ಪ್ಲಗ್ ಕಿತ್ತು, ವೂಫರ್‌ನ ಎರಡೂ ವೈರ್ ಬಿಚ್ಚಿ, ಮಲ್ಟಿಮೀಟರ್ ಓಮ್‌ಗೆ ಇಟ್ಟು ಮುಟ್ಟಿಸಿ. 8 ಓಮ್ ವೂಫರ್ ಆದ್ರೆ 6-7 ಹತ್ತಿರ ತೋರಿಸುತ್ತೆ, 4 ಓಮ್‌ದಾದ್ರೆ 3ರಿಂದ 4ರ ಒಳಗೆ. ಏನೂ ತೋರಿಸದಿದ್ರೆ ಕಾಯಿಲ್ ಅಥವಾ ಅದಕ್ಕೆ ಹೋಗೋ ವೈರ್ ಕಟ್. ಮೀಟರ್ ಇಲ್ವಾ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ, ಕೋನ್ ಟಕ್ ಅಂತ ಅಲ್ಲಾಡಿದ್ರೆ ಕಾಯಿಲ್ ಜೀವಂತ. ಆಮೇಲೆ ಎರಡೂ ಕೈ ಬೆರಳಿಂದ ಕೋನ್ ಸಮನಾಗಿ ಒತ್ತಿ. ಕರ ಕರ ಅಂದ್ರೆ ಕಾಯಿಲ್ ಉಜ್ಜುತ್ತಿದೆ, ಅದು ಕಷ್ಟದ ಕೇಸು. ಫೋಮ್ ಹರಿದು ಕೋನ್ ಓರೆಯಾಗಿದ್ರೂ ಹಾಗೇ ಉಜ್ಜಬಹುದು, ಅಷ್ಟಕ್ಕೇ ಕೈಬಿಡ್ಬೇಡಿ.

ವೂಫರ್ ಚೆನ್ನಾಗಿದ್ದೂ ಗುಂಯ್ ಅಂತಿದ್ರೆ ಇನ್‌ಪುಟ್ ವೈರ್ ಕಿತ್ತು ನೋಡಿ. ಆಗಲೂ ಗುಂಯ್ ಅಂದ್ರೆ ನಂಗೆ ಮೊದಲು ಅನುಮಾನ ಬರೋದು ಆಂಪ್ಲಿಫಯರ್‌ನ ದೊಡ್ಡ ಕೆಪಾಸಿಟರ್ ಮೇಲೆ. ಅದಕ್ಕೆ ಮಾತ್ರ ನೀವೇ ಕೈ ಹಾಕ್ಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ನಿಂತಿರುತ್ತೆ.

ಮೂರನೇ ಫೋಟೋದ 8 ಇಂಚಿಂದು ಗುಜರಿಯಿಂದ ತಂದದ್ದು. ಫೋಮ್ ರಿಂಗ್ ಬೆಂಗಳೂರಿನ ಎಸ್‌ಪಿ ರೋಡಿಂದ ತರಿಸಿದೆ. '8 ಇಂಚು' ಅಂತ ಹೇಳಿದ್ರೆ ಸಾಲಲ್ಲ, ಕೋನ್ ಅಂಚು ಮತ್ತು ಫ್ರೇಮ್ ಎರಡನ್ನೂ ಅಳೆದು ಕಳಿಸಿ. ಹಳೇ ಗಮ್ ಕೆರೆಯೋದೇ ಅರ್ಧ ದಿನದ ಕೆಲಸ. ಮೊದಲು ಕೋನ್‌ಗೆ ಅಂಟಿಸಿ, ಒಣಗಿದ ಮೇಲೆ ಫ್ರೇಮ್‌ಗೆ. ತಕ್ಷಣ ಗಟ್ಟಿಯಾಗೋ ಗಮ್ ಬೇಡ, ಕೋನ್ ಮಧ್ಯಕ್ಕೆ ತರೋಕೆ ಟೈಮೇ ಸಿಗಲ್ಲ. ಮಳೆಗಾಲ ಆದ್ರೆ ಎರಡು ದಿನ ಒಣಗಲಿ, ಅವಸರ ಮಾಡಿ ನಾನು ಒಂದು ಕೆಡಿಸಿದ್ದೀನಿ.

ಹಳೇದೆಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ. ಪೆಟ್ಟಿಗೆ ಎಂಡಿಎಫ್ ಆಗಿ, ನೀರು ಕುಡಿದು ಉಬ್ಬಿದ್ರೆ ಅದನ್ನ ಬಿಡಿ, ವೂಫರ್ ಮಾತ್ರ ಬಿಚ್ಚಿಟ್ಕೊಳ್ಳಿ. ಆದ್ರೆ ಇಎಂಐ ಮೇಲೆ ಸೌಂಡ್‌ಬಾರ್ ಬುಕ್ ಮಾಡೋ ಮುಂಚೆ ಅಟ್ಟದ ಮೇಲಿರೋದಕ್ಕೆ ಒಂದ್ಸಲ ಸೆಲ್ ಮುಟ್ಟಿಸಿ. ಕೋನ್ ಅಲ್ಲಾಡಿದ್ರೆ ವಿಡಿಯೋ ಮಾಡಿ ನಂಗೆ ಕಳಿಸಿ, ಮೀಟರ್ ನಾನು ತರ್ತೀನಿ.