ಕಟ್ಟಳೆ ಕಾಯದ ನುಡಿ: ದುಬ್ರೊವ್ನಿಕ್ ಹೇಳುವ ಪಾಠ

ಭೂಮಧ್ಯ ಸಮುದ್ರದ ಒಂದು ತೋಳಾದ ಏಡ್ರಿಯಾಟಿಕ್ ಕಡಲಿನ ಪೂರ್ವತೀರದಲ್ಲಿ, ಇಂದಿನ ಕ್ರೊಯೇಷಿಯಾದ ದಕ್ಷಿಣದ ಅಂಚಿನಲ್ಲಿ, ದುಬ್ರೊವ್ನಿಕ್ ಎಂಬ ಬಂದರು ನಗರವಿದೆ. ಇದರ ಹಳೆಯ ಹೆಸರು ರಗೂಸಾ. 1358ರಲ್ಲಿ ವೆನಿಸ್ಸಿನ ಹಿಡಿತದಿಂದ ಬಿಡಿಸಿಕೊಂಡಂದಿನಿಂದ 1808ರಲ್ಲಿ ಫ್ರೆಂಚರು ರದ್ದುಪಡಿಸುವವರೆಗೆ, ನಾಲ್ಕೂವರೆ ಶತಮಾನಗಳ ಕಾಲ ಇದೊಂದು ಪುಟ್ಟ ಗಣರಾಜ್ಯ. ಮೊದಲು ಹಂಗೇರಿಯ ದೊರೆಗೆ, ಆಮೇಲೆ ತುರ್ಕಿಯ ಸುಲ್ತಾನನಿಗೆ ಕಪ್ಪ ಸಲ್ಲಿಸುತ್ತ, ತನ್ನ ಆಡಳಿತವನ್ನು ತಾನೇ ನಡೆಸಿಕೊಂಡಿತು. ಪ್ರವಾಸಿಗರು ಬರುವುದು ಕೋಟೆಯನ್ನೂ ಕಡಲನ್ನೂ ನೋಡಲು. ವಕೀಲಿ ವೃತ್ತಿಯವನಿಗೆ ಮಾತ್ರ ಇಲ್ಲಿನ ಕಲ್ಲುಗಳು ಕಟ್ಟಳೆಗಳನ್ನು ನೆನಪಿಸುತ್ತವೆ.

ಪಶ್ಚಿಮದ ಪಿಲೆ ದ್ವಾರವನ್ನು ದಾಟಿದೊಡನೆ ಎದುರಾಗುವುದು ಒನೊಫ್ರಿಯೋನ ಕಾರಂಜಿ. ಸುಮಾರು ಹನ್ನೆರಡು ಕಿಲೋಮೀಟರು ದೂರದ ಒರತೆಯಿಂದ ನೀರನ್ನು ತಂದು 1438ರಲ್ಲಿ ಊರಿಗೆ ಉಣಿಸಿದ ಯೋಜನೆ ಅದು. ಅಲ್ಲಿಂದ ಮುಂದಕ್ಕೆ ನಗರವನ್ನು ಸೀಳಿಕೊಂಡು ಹೋಗುವ ಸ್ತ್ರಾದೂನ್ ಬೀದಿ, ಹೆಜ್ಜೆಗಳ ಸವೆತದಿಂದ ಹೊಳೆಯುವ ಸುಣ್ಣಕಲ್ಲಿನ ಹಾಸು. ಅದರ ಕೊನೆಯ ಚೌಕದಲ್ಲಿ ವೀರ ಓರ್ಲಾಂಡೋನ ಶಿಲಾಸ್ತಂಭ. ಈ ವೀರನ ಮುಂಗೈಯ ಉದ್ದ 51.2 ಸೆಂಟಿಮೀಟರು, ಅದೇ ಗಣರಾಜ್ಯದ ಅಧಿಕೃತ ಮೊಳ. ಬಟ್ಟೆ ಕೊಂಡವನಿಗೆ ಅಳತೆಯಲ್ಲಿ ಸಂಶಯ ಬಂದರೆ ಇಲ್ಲಿ ಹೋಲಿಸಿ ನೋಡಬಹುದಾಗಿತ್ತು. ಕಾನೂನುಗಳನ್ನು ಸಾರುತ್ತಿದ್ದುದೂ ಇದರ ಬುಡದಲ್ಲಿಯೇ. ಪಕ್ಕದ ಸ್ಪೊಂಜಾ ಅರಮನೆ ಸುಂಕದ ಕಟ್ಟೆಯಾಗಿತ್ತು. ಸರಕನ್ನು ತೂಗುವವನನ್ನು ದೇವರು ತೂಗುತ್ತಿರುತ್ತಾನೆ ಎಂಬರ್ಥದ ಲ್ಯಾಟಿನ್ ಬರಹ ಅದರ ಕಮಾನಿನ ಮೇಲಿದೆ.

ಕೆಲವೇ ಹೆಜ್ಜೆಗಳಾಚೆ ರೆಕ್ಟರನ ಅರಮನೆ. ರೆಕ್ಟರನೆಂದರೆ ಗಣರಾಜ್ಯದ ಅಧ್ಯಕ್ಷ. ಅವನ ಅಧಿಕಾರಾವಧಿ ಒಂದೇ ತಿಂಗಳು. ಆ ತಿಂಗಳು ಅವನು ಮನೆಮಂದಿಯನ್ನು ಬಿಟ್ಟು ಇಲ್ಲಿಯೇ ವಾಸಿಸಬೇಕು. ರಾಜ್ಯಕಾರ್ಯದ ಹೊರತು ಹೊರಗೆ ಕಾಲಿಡಬಾರದು. ಅಧಿಕಾರ ಒಬ್ಬನ ಕೈಯಲ್ಲಿ ಬೇರೂರದಂತೆ ಆ ಜನ ಮಾಡಿಕೊಂಡ ಏರ್ಪಾಡು ಇದು.

ಇವರ ಶಾಸನಸಂಹಿತೆ 1272ರಷ್ಟು ಹಳೆಯದು. ಸೋಂಕಿನ ನಾಡುಗಳಿಂದ ಬಂದವರು ಊರ ಹೊರಗೆ ಮೂವತ್ತು ದಿನ ಕಳೆದ ಬಳಿಕವೇ ಒಳಗೆ ಬರಬೇಕೆಂದು 1377ರಲ್ಲಿ ವಿಧಿಸಿದವರು ಇವರು. ಕ್ವಾರಂಟೈನ್ ಪದ್ಧತಿಗೆ ಅದೇ ನಾಂದಿ. ಪೂರ್ವದ್ವಾರದ ಹೊರಗೆ ಮುಂದಿನ ಕಾಲದ ಲಾಜರೆತ್ತಿ ಕಟ್ಟಡಗಳು ಈಗಲೂ ನಿಂತಿವೆ. ಗುಲಾಮರ ವ್ಯಾಪಾರವನ್ನು 1416ರಲ್ಲಿಯೇ ನಿಷೇಧಿಸಿದವರೂ ಇವರೇ.

ಇಷ್ಟು ಸಮರ್ಥರಾದ ಶಾಸನಕಾರರು ಒಂದು ವಿಷಯದಲ್ಲಿ ಸೋತರು. ನಮಗೆ, ಗಡಿಯಾಚೆಗೆ ಉಳಿದ ಕನ್ನಡಿಗರಿಗೆ, ಆ ಸೋಲಿನ ಕಥೆ ಮುಖ್ಯವಾದುದು.

ರಗೂಸಾದ ಕುಲೀನರ ಹಳೆಯ ನುಡಿ ಲ್ಯಾಟಿನ್ನಿನಿಂದ ಹುಟ್ಟಿದ ಡಾಲ್ಮೇಷಿಯನ್ ಭಾಷೆಯ ಒಂದು ಪ್ರಭೇದ. ಅಲ್ಲಿ ಅಧ್ಯಾಪಕನಾಗಿದ್ದ ಫಿಲಿಪ್ಪೋ ದೆ ದಿವೆರ್ಸಿ ಎಂಬ ಇಟಲಿಯವನು 1440ರ ಸುಮಾರಿಗೆ ಅದರ ಕೆಲವು ಶಬ್ದಗಳನ್ನು ಬರೆದಿಟ್ಟ: ರೊಟ್ಟಿಗೆ ‘ಪೆನ್’, ತಂದೆಗೆ ‘ತೇತಾ’. ಸುತ್ತಲಿನ ನಾಡಿನ ಮಾತು ಸ್ಲಾವ್. ಅದು ಸಂತೆಯಿಂದ ಅಂಗಳಕ್ಕೆ, ಅಂಗಳದಿಂದ ಒಳಮನೆಗೆ ಬಂದಿತು. ಕಳವಳಗೊಂಡ ಸೆನೆಟ್ 1472ರಲ್ಲಿ ತನ್ನ ಚರ್ಚೆಗಳು ಹಳೆಯ ರಗೂಸಾ ನುಡಿಯಲ್ಲಿಯೇ ನಡೆಯಬೇಕು, ಸ್ಲಾವ್ ಕೂಡದು ಎಂದು ನಿರ್ಣಯಿಸಿತು. ರಾಜ್ಯ ಅವರದು, ಸಭೆ ಅವರದು, ದಂಡಿಸುವ ಅಧಿಕಾರವೂ ಅವರದು. ಆದರೂ ಆ ನುಡಿ ಮುಂದಿನ ಕೆಲವು ದಶಕಗಳಲ್ಲಿ ಅಳಿಯಿತು. ಅದೇ ಕಾಲದಲ್ಲಿ ಬೆಳೆದ ಕವಿ ಏಲಿಯೋ ಚೆರ್ವಾ, ತಾನು ಬಾಲಕನಾಗಿದ್ದಾಗ ಕೆಲವು ಮುದುಕರು ಆ ನುಡಿಯಲ್ಲಿ ವ್ಯಾಜ್ಯ ನಡೆಸುತ್ತಿದ್ದುದನ್ನು ನೆನೆದು ಬರೆದಿದ್ದಾನೆ. ಭಾಷೆಯ ಕೊನೆಯ ಆಸರೆ ನ್ಯಾಯಸ್ಥಾನವಾಯಿತು. ತೊಟ್ಟಿಲ ಬಳಿ ಅದು ಅಷ್ಟರಲ್ಲಿಯೇ ಮೌನವಾಗಿತ್ತು.

ಸ್ಲಾವ್ ನುಡಿ ಮುಂದೆ ಅದೇ ನಗರದಲ್ಲಿ ನಾಟಕಕಾರ ಮರಿನ್ ದರ್ಜಿಚ್‌ನನ್ನೂ ಮಹಾಕವಿ ಇವಾನ್ ಗುಂದುಲಿಚ್‌ನನ್ನೂ ಪಡೆಯಿತೆಂಬುದು ನಿಜ. ನೆರೆಯ ಭಾಷೆ ಶತ್ರುವಲ್ಲ. ಆದರೆ ಕಳೆದುಹೋದುದು ಮರಳಿ ಬರಲಿಲ್ಲ. ಡಾಲ್ಮೇಷಿಯನ್ನಿನ ಇನ್ನೊಂದು ಪ್ರಭೇದ ಉತ್ತರದ ಕರ್ಕ್ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೆ ಕುಟುಕುಜೀವ ಹಿಡಿದಿತ್ತು. ಅದನ್ನು ಬಲ್ಲ ಕೊನೆಯವನು ತುವೋನೆ ಉದಾಯ್ನಾ. 1897ರಲ್ಲಿ ಭಾಷಾವಿಜ್ಞಾನಿ ಮತ್ತೇಯೋ ಬಾರ್ತೋಲಿ ಅವನ ಬಾಯಿಂದ ಶಬ್ದಗಳನ್ನು ಸಂಗ್ರಹಿಸಿದ. ಮರುವರ್ಷವೇ ಆತ ತೀರಿಕೊಂಡ. ಅವನಿಗೆ ಆ ನುಡಿಯನ್ನು ಯಾರೂ ಕಲಿಸಿರಲಿಲ್ಲ. ಹಿರಿಯರು ತಮ್ಮತಮ್ಮೊಳಗೆ ಆಡಿಕೊಳ್ಳುತ್ತಿದ್ದುದನ್ನು ಕೇಳಿ ತಾನೇ ಕಲಿತಿದ್ದ. ಮಕ್ಕಳೊಡನೆ ಆಡದ ಮಾತು ಕೊನೆಗೆ ಒಬ್ಬ ಮುದುಕನ ನೆನಪಾಗಿ ಉಳಿಯಿತು.

ಕಾಸರಗೋಡಿನ ನಮ್ಮ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡೋಣ. ರಾಜ್ಯ ನಮ್ಮದಲ್ಲ, ಕಟ್ಟಳೆ ಮಾತ್ರ ನಮ್ಮ ಪರವಾಗಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯಿದೆ. ಸರಕಾರದೊಡನೆ ಪತ್ರವ್ಯವಹಾರವನ್ನು ಕನ್ನಡದಲ್ಲಿ ನಡೆಸಲು 1969ರ ಕೇರಳ ಅಧಿಕೃತ ಭಾಷಾ ಶಾಸನ ಅವಕಾಶ ಕೊಟ್ಟಿದೆ. ಈ ಹಕ್ಕುಗಳಿಗಾಗಿ ಹಿರಿಯರು ಪಟ್ಟ ಪಾಡು ಸಣ್ಣದಲ್ಲ. ಅವು ಮೊಟಕಾದಾಗ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಆದರೆ ನನ್ನ ಕಚೇರಿಗೆ ಬರುವ ಕಕ್ಷಿಗಾರರು ವ್ಯಾಜ್ಯವನ್ನು ಕನ್ನಡದಲ್ಲಿ ವಿವರಿಸಿ, ಅರ್ಜಿಯನ್ನು ಮಾತ್ರ ಬೇರೆ ಭಾಷೆಯಲ್ಲಿ ಬರೆದುಕೊಡಿರೆನ್ನುತ್ತಾರೆ. ಕೆಲಸ ಬೇಗ ಆಗಲಿ ಎಂಬ ಅವರ ಆತುರವನ್ನು ನಾನು ಹಳಿಯಲಾರೆ. ಆದರೆ ಕನ್ನಡದ ಅರ್ಜಿಯೇ ಬಾರದ ಕಚೇರಿಗೆ ಕನ್ನಡ ಬಲ್ಲ ಗುಮಾಸ್ತನೇಕೆ ಎಂದು ನಾಳೆ ಅಧಿಕಾರಿಗಳು ಕೇಳಿದರೆ ನಾವೇನು ಉತ್ತರಿಸೋಣ?

ನಮ್ಮಲ್ಲಿ ಹಲವರ ಮನೆಮಾತು ತುಳು, ಕೊಂಕಣಿ, ಮರಾಟಿ ಅಥವಾ ಮಲಯಾಳ. ಕನ್ನಡ ನಮ್ಮನ್ನು ಕೂಡಿಸಿದ ಶಾಲೆಯ, ಯಕ್ಷಗಾನದ, ಪತ್ರಿಕೆಯ ಭಾಷೆ. ಆದುದರಿಂದ ಅದು ಇನ್ನಷ್ಟು ಬಳಕೆಯನ್ನು ಬೇಡುತ್ತದೆ. ಮುಂದಿನ ಬಾರಿ ಪಂಚಾಯತು ಕಚೇರಿಗೆ ಹೋಗುವಾಗ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ. ಸ್ವೀಕೃತಿಪತ್ರ ಕೇಳಿ ಪಡೆಯಿರಿ. ಉತ್ತರ ಬಾರದಿದ್ದರೆ ಅದರ ಪ್ರತಿಯೊಡನೆ ಮೇಲಧಿಕಾರಿಗೆ ಬರೆಯಿರಿ. ಸಂಜೆ ಈ ಪತ್ರಿಕೆಯ ಒಂದು ಪುಟವನ್ನು ಮಕ್ಕಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿರಿ. 1472ರ ನಿರ್ಣಯದಿಂದ ಆಗದ ಕೆಲಸ ಅಲ್ಲಿಂದ ಆರಂಭವಾಗಬಹುದು.