ಮೂಲ ಮನೆತನಗಳ ಹೆಸರಿಗೊಂದು ಬನ ಬೆಳೆಸೋಣ

ನಮ್ಮ ಭಾಗದಲ್ಲಿ ಮನೆತನಗಳ ಚರಿತ್ರೆಯನ್ನು ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನೊಂದಿಗೆ ಊರೂರು ಸುತ್ತಿ, ಯಾವ ಮನೆತನ ಎಲ್ಲಿಂದ ಬಂತು, ಇಲ್ಲಿ ಮೊದಲು ನೆಲೆ ನಿಂತವರು ಯಾರು ಎಂದು ಮನೆ ಬಾಗಿಲಲ್ಲಿ ನಿಂತು ಹೇಳಿದವರು ಅವರು. ಹಾಗೆ ನೆಲೆ ನಿಂತವರೇ ಎರೆಹೊಲ ಹಸನು ಮಾಡಿದರು, ಬಾವಿ ತೋಡಿದರು, ಕಟ್ಟೆ ಕಟ್ಟಿ ಬೇವು ಬೆಳೆಸಿದರು. ಅವರ ಹೆಸರು ಹೆಳವರ ಹೊತ್ತಿಗೆಯಲ್ಲಷ್ಟೇ ಉಳಿದರೆ ಸಾಲದು. ಊರಿನ ನೆಲದ ಮೇಲೂ ಉಳಿಯಬೇಕು.

ಮರಗಳೂ ಚರಿತ್ರೆಯೇ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 54 ಎಕರೆಯಷ್ಟಿದೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಗಾಣಗಾಪುರದ ಸಂಗಮದಲ್ಲಿ ಔದುಂಬರಕ್ಕೆ ಕೈಮುಗಿಯುವ ನಮಗೆ ಮರದ ಹಿರಿಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಚೌಡಾಪುರದ ಮತ್ತು ಸುತ್ತಲಿನ ಹಳ್ಳಿಗಳ ಬಂಧುಗಳೇ, ತಮ್ಮಲ್ಲಿ ನಮ್ಮ ಮನವಿ ಇಷ್ಟೆ. ಊರಿನ ಸಾರ್ವಜನಿಕ ಜಾಗದಲ್ಲಿ ಒಂದು ಬನ ಬೆಳೆಸೋಣ. ಅಲ್ಲಿ ಪ್ರತಿ ಮನೆತನಕ್ಕೂ ಒಂದು ಮರವಿರಲಿ. ಹೊಲ ಉತ್ತವರು, ಮಡಿಕೆ ಮಾಡಿದವರು, ಊರು ಕಾದವರು, ಕೂಲಿ ಮಾಡಿ ಬದುಕಿದವರು, ಎಲ್ಲರ ಹಿರಿಯರೂ ಈ ಊರು ಕಟ್ಟಿದವರೇ. ಯಾವ ಮನೆಯೂ ಬಿಟ್ಟುಹೋಗದಿರಲಿ.

ನಮ್ಮ ಬಿಸಿಲು ತಾಳುವ ಬೇವು, ಹುಣಸೆ, ಬನ್ನಿ, ಆಲಗಳನ್ನೇ ಆರಿಸಿಕೊಳ್ಳಿ. ಸಸಿಗಳಿಗಾಗಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಬಹುದು. ಮಿರಗದ ಮಳೆ ಹಿಡಿದ ಮೇಲೆ ನೆಡಿ. ಆಡು, ದನ ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿ.

ನೆಡುವುದು ಒಂದು ದಿನದ ಕೆಲಸ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಸಸಿಯನ್ನು ಉಳಿಸುವುದೇ ನಿಜವಾದ ಸೇವೆ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಕೊಡದಲ್ಲಿ ನೀರು ಹೊತ್ತು ಆಲದ ಸಾಲು ಬೆಳೆಸಿದರು. ತಾವು ಮೂರು ಬೇಸಿಗೆ ತಮ್ಮ ಒಂದು ಸಸಿಗೆ ನೀರುಣಿಸಿದರೆ ಸಾಕು, ಬೇರು ಆಳಕ್ಕಿಳಿಯುತ್ತದೆ.

ದುಡಿಮೆಗೆಂದು ಪುಣೆ, ಮುಂಬೈ, ಬೆಂಗಳೂರು ಸೇರಿದವರೇ, ಊರಿನಲ್ಲಿ ತಮ್ಮ ಹೆಸರಿನ ಮರ ನೋಡಿಕೊಳ್ಳುವವರಿಗೆ ನೀರಿನ ಖರ್ಚಿಗೆ ನೆರವಾಗಿ. ಕಾಲೇಜು ಓದುವ ಮಕ್ಕಳೇ, ಅಜ್ಜ-ಅಜ್ಜಿಯರ ಬಳಿ ಕುಳಿತು ಮನೆತನದ ಮಾತು ಬರೆದುಕೊಳ್ಳಿ. ಹೆಳವರು ಬಂದರೆ ಆದರದಿಂದ ಕೂರಿಸಿ ಕೇಳಿ.

ಜಾಗವನ್ನು ಗ್ರಾಮಸಭೆಯಲ್ಲಿ ಎಲ್ಲರೂ ಕೂಡಿ ಗೊತ್ತುಮಾಡೋಣ. ಮುಂದಿನ ಸಭೆಗೆ ತಾವು ತಪ್ಪದೆ ಬನ್ನಿ. ತಮ್ಮ ಮನೆತನದ ಹೆಸರನ್ನೂ ನೆಡಲಿರುವ ಮರದ ಹೆಸರನ್ನೂ ಅಲ್ಲಿ ಬರೆಸಿ.