ಬಣ್ಣ ಬೇರೆ, ಹೆಸರು ಬೇರೆ, ಎರಕ ಒಂದೇ

ಕಳೆದ ವರ್ಷ ಮಳೆಗಾಲ ಹಿಡಿಯುವ ಮುಂಚೆ ನಮ್ಮ ವರ್ಕ್‌ಶಾಪಿನ ವೈಸ್ ಎರಡು ತುಂಡಾಯಿತು.

ಕೊಪ್ಪ ಪೇಟೆಯಿಂದ ಸ್ವಲ್ಪ ಆಚೆಗಿರುವ ನಮ್ಮದು ದೊಡ್ಡ ವರ್ಕ್‌ಶಾಪೇನಲ್ಲ. ಮೇ ಕೊನೆಯ ಹೊತ್ತಿಗೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವ ಪಂಪುಗಳು ರಿಪೇರಿಗೆಂದು ಸಾಲುಗಟ್ಟುತ್ತವೆ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಗೆ ಅರ ಹಾಕಿಕೊಡುವುದು, ಸುಲಿಯುವ ಯಂತ್ರದ ಬೇರಿಂಗ್ ಬದಲಿಸುವುದು. ನಡುನಡುವೆ ಜೀಪು. ಆವತ್ತು ಅಪ್ಪ ಜೀಪಿನದೊಂದು ಬ್ರಾಕೆಟ್ಟನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಿಂದ ನೇರ ಮಾಡುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ಏಟಿಗೆ ಟಪ್ಪೆಂದು ಸದ್ದಾಯಿತು. ಮುಂದಿನ ದವಡೆ ಬುಡದಲ್ಲೇ ಮುರಿದು ಅಪ್ಪನ ಎಡಗೈ ಮೇಲೆ ಬಿತ್ತು. ಎರಡು ಬೆರಳಿಗೆ ಹೊಲಿಗೆ. ಪಂಪಿನ ಸೀಸನ್ನಿನಲ್ಲೇ ಒಂದು ತಿಂಗಳು ಅವರ ಕೈ ಕೆಲಸಕ್ಕಿಲ್ಲ. ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಓದುತ್ತಿದ್ದರಿಂದ ಹೇಗೋ ತೂಗಿಸಿಕೊಂಡೆವು.

ವೈಸ್ ನೋಡಿರದವರಿಗೆ ಹೇಳುವುದಾದರೆ, ಬೆಂಚಿಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಎರಡು ದವಡೆ. ಒಂದು ಅಲುಗುವುದಿಲ್ಲ, ಇನ್ನೊಂದು ಹಿಡಿ ತಿರುಗಿಸಿದಂತೆ ಹಿಂದೆ ಮುಂದೆ ಹೋಗುತ್ತದೆ. ಅರ ಹಾಕಲು, ಗರಗಸದಿಂದ ಕೊಯ್ಯಲು, ಪೈಪಿಗೆ ಥ್ರೆಡ್ ಹೊಡೆಯಲು, ಎಲ್ಲಕ್ಕೂ ವಸ್ತುವನ್ನು ಹಿಡಿದುಕೊಳ್ಳುವುದು ಅದೇ. ವರ್ಕ್‌ಶಾಪಿನಲ್ಲಿ ಅದು ಮೂರನೆಯ ಕೈ. ಐಟಿಐನಲ್ಲಿ ಮೊದಲ ವಾರವೇ ನಮ್ಮನ್ನು ಅದರ ಮುಂದೆ ನಿಲ್ಲಿಸಿ, ದವಡೆಯ ಮೇಲ್ತುದಿ ಮೊಣಕೈ ಮಟ್ಟಕ್ಕೆ ಬರುತ್ತದೆಯೋ ಇಲ್ಲವೋ ನೋಡುತ್ತಾರೆ.

ಹೊಸದು ತರಲು ಅಂಗಡಿಗೆ ಹೋದೆ. ಹಳೆಯದು ಹಸಿರು ಬಣ್ಣದ್ದು, ಯಾವ ಹೆಸರಿನದು ಎಂದು ಹೇಳಿದೆ. ಅಂಗಡಿಯವರು ಮುಖ ಹಿಂಡಿದರು. "ಅಯ್ಯೋ, ಆ ಕಂಪನೀದಾ? ಅದು ಬ್ಯಾಡ ಮಾರಾಯ್ತಿ. ಇದು ನೋಡು, ಆರ್ನೂರು ರೂಪಾಯಿ ಜಾಸ್ತಿ, ಆದ್ರೆ ಮಾಲು ಗಟ್ಟಿ" ಎಂದು ಕೆಂಪು ಬಣ್ಣದ್ದೊಂದನ್ನು ಮುಂದಿಟ್ಟರು. ಅದೇ ನಾಲ್ಕಿಂಚಿನ ದವಡೆ. ದುಡ್ಡು ಕೊಟ್ಟು ತಂದೆ.

ಬೆಂಚಿಗೆ ಕೂರಿಸುವಾಗ ಅನುಮಾನ ಬಂತು. ಹಳೆಯ ವೈಸಿನ ಬೋಲ್ಟಿನ ತೂತುಗಳಿಗೆ ಹೊಸದರ ಬುಡ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಹಳೆಯದರ ದವಡೆ ಪಟ್ಟಿ ಬಿಚ್ಚಿ ಹೊಸದಕ್ಕೆ ಹಿಡಿದೆ. ಸ್ಕ್ರೂ ತೂತಿಗೆ ತೂತು ಸರಿಹೊಂದಿತು. ಎರಡನ್ನೂ ಮಗುಚಿದೆ. ಬುಡದ ಒಳಮೈಯಲ್ಲಿ, ಬಲಮೂಲೆಗೆ, ಉಗುರಿನಷ್ಟು ಉದ್ದದ ಒಂದು ಗೀರು. ಎರಡರಲ್ಲೂ ಅದೇ ಜಾಗ, ಅದೇ ಓರೆ. ಎರಕದ ಕೆಲಸ ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ಅಚ್ಚಿನಲ್ಲಿ ಗೀರಿದ್ದರೆ ಅದು ಮರಳಿನಲ್ಲಿ ಮೂಡುತ್ತದೆ, ಮರಳಿನಲ್ಲಿ ಮೂಡಿದ್ದು ಹೊಯ್ದ ಪ್ರತಿ ಕಬ್ಬಿಣದಲ್ಲೂ ಬರುತ್ತದೆ. ಒಂದೇ ಅಚ್ಚು, ಒಂದೇ ಎರಕಮನೆ. ನಾನು ಆರುನೂರು ರೂಪಾಯಿ ಕೊಟ್ಟದ್ದು ಕೆಂಪು ಬಣ್ಣಕ್ಕೆ.

ನರಸಿಂಹರಾಜಪುರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಮಾವನಿಗೆ ಫೋನ್ ಮಾಡಿ, ಅವರ ನೀಲಿ ವೈಸಿನ ಬುಡ ನೋಡಿ ಎಂದೆ. "ನಿಂಗೆ ಬೇರೆ ಕೆಲ್ಸ ಇಲ್ವನೇ" ಎಂದು ಬೈದರೂ ಸಂಜೆ ಫೋಟೋ ಕಳಿಸಿದರು. ಮೂರನೇ ಹೆಸರು. ಅದೇ ಗೀರು.

ಈ ನೀಲಿ ಬಣ್ಣಕ್ಕೂ ಒಂದು ಕಥೆಯಿದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಚಾರ್ಲ್ಸ್ ಮತ್ತು ಜೋಸೆಫ್ ಹ್ಯಾಂಪ್ಟನ್ 1898ರಲ್ಲಿ ಒಂದು ಕಂಪನಿ ಶುರು ಮಾಡಿದರು. 1909ರಲ್ಲಿ 'ರೆಕಾರ್ಡ್' ಎಂಬ ಹೆಸರನ್ನು ನೋಂದಾಯಿಸಿದರು. ಬ್ರಿಟಿಷರ ವಸ್ತುಗಳು ಹೋದಲ್ಲೆಲ್ಲ ಅವರ ನೀಲಿ ವೈಸೂ ಹೋಯಿತು. ನಮ್ಮ ಅಜ್ಜ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ಎಸ್ಟೇಟಿನವರು ಹಳೆ ಸಾಮಾನು ಮಾರಿದಾಗ ಅಂಥದ್ದೊಂದನ್ನು ಕೊಂಡು ತಂದಿದ್ದರು. ಮನೆ ಪಾಲಾದಾಗ ಅದು ದೊಡ್ಡಪ್ಪನ ಜೊತೆ ಶೃಂಗೇರಿಗೆ ಹೋಯಿತು. ಗದ್ದೆ ಹಂಚುವಾಗ ಬಾರದ ಮಾತು ಆ ವೈಸ್ ಹಂಚುವಾಗ ಬಂದಿತ್ತಂತೆ. ಅಪ್ಪ ಈಗಲೂ ಅದರ ಸುದ್ದಿ ಎತ್ತುವುದಿಲ್ಲ.

ಶೆಫೀಲ್ಡಿನ ಆ ಹೆಸರಿಗೂ ಆಮೇಲೆ ಪಾಲಾಗುವ ಯೋಗವೇ ಬಂತು. 1972ರಲ್ಲಿ ರಿಜ್‌ವೇ ಕಂಪನಿಯೊಂದಿಗೆ ಕೂಡಿ 'ರೆಕಾರ್ಡ್ ರಿಜ್‌ವೇ' ಆಯಿತು. 1998ರಲ್ಲಿ ಅಮೆರಿಕದ ಕಂಪನಿಯೊಂದು ಕೊಂಡಿತು. 2002ರಲ್ಲಿ ಅದನ್ನು ಇನ್ನೊಂದು ಕೊಂಡಿತು. 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೈಗೆ ಬಂತು. ವೈಸಿನ ಮೇಲೆ 'ಇರ್ವಿನ್ ರೆಕಾರ್ಡ್' ಎಂದು ಎರಡು ಹೆಸರು ಕೂತವು. ಬಡಗಿಗಳ ವೈಸಿಗೆ ರೆಕಾರ್ಡಿನವರು ಕೊಟ್ಟ 52, 52½, 53 ಎಂಬ ನಂಬರುಗಳಂತೂ ಯಾರ ಅಪ್ಪಣೆಯೂ ಇಲ್ಲದೆ ಊರೂರು ಸುತ್ತಿ, ಈಗ ನಮ್ಮ ದೇಶದ ಕಂಪನಿಗಳ ವೈಸಿನ ಮೇಲೂ ಇವೆ. ಏಳಿಂಚು, ಒಂಬತ್ತಿಂಚು, ಹತ್ತೂವರೆ ಇಂಚು ಎಂದು ಹೇಳುವ ಬದಲು ಅಂಗಡಿಯಲ್ಲಿ ಆ ನಂಬರನ್ನೇ ಹೇಳುವವರಿದ್ದಾರೆ.

ಹೆಸರು ಬದಲಾಗುವುದರ ಮೇಲೆ ನನಗೆ ಕೋಪವಿಲ್ಲ. ಮಾವನ ಊರೇ ಒಂದು ಕಾಲಕ್ಕೆ ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ 1915ರಲ್ಲಿ ನರಸಿಂಹರಾಜಪುರವಾಯಿತು. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ ಮೈಸೂರಿನ ಹೆಸರಿನಲ್ಲಿತ್ತು, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, 1998ರಲ್ಲಿ ಸೇಲ್‌ನಲ್ಲಿ ಸೇರಿಹೋಯಿತು. ಎರಡರಲ್ಲೂ ಯಾವುದು ಯಾವುದಾಯಿತು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಕೆಂಪು ವೈಸಿನ ಹಿಂದಿನ ಹೆಸರನ್ನು ಹೇಳುವವರು ಯಾರೂ ಇಲ್ಲ. ಡಬ್ಬಿಯ ಮೇಲಿರುವುದು ಮಾರುಕಟ್ಟೆಗೆ ತಂದವರ ವಿಳಾಸ. ಅದೂ ರಟ್ಟಿನ ಡಬ್ಬಿ, ನಮ್ಮೂರ ಮಳೆಗೆ ಒಂದು ವಾರ ಬಾಳಿದರೆ ಹೆಚ್ಚು.

ದಸರಾ ರಜೆಯಲ್ಲಿ ಶೃಂಗೇರಿಗೆ ಹೋದೆ, ದೇವಸ್ಥಾನಕ್ಕೆ ಅನ್ನುವ ನೆಪದಲ್ಲಿ. ದೊಡ್ಡಪ್ಪ ಮಾತಾಡದೆ ವೈಸ್ ಬಿಚ್ಚಿಕೊಟ್ಟರು. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟೆವು. ಹದಿನಾರು ಕೆಜಿ ಹತ್ತಿರ ತೂಗಿತು. ನಮ್ಮದು ಅದೇ ನಾಲ್ಕಿಂಚಿನದು, ಒಂಬತ್ತು ಕೆಜಿ. ಆ ಏಳು ಕೆಜಿ ಎಲ್ಲಿ ಹೋಯಿತು ಎಂದು ಹುಡುಕುತ್ತ ಅರ್ಧ ದಿನ ಕಳೆದೆ. ಹಳೆಯದರಲ್ಲಿ ಮುಂದಿನ ದವಡೆ ಜಾರುವ ದಿಂಡು ದಪ್ಪ ಮತ್ತು ಉದ್ದ, ಪೂರ್ತಿ ತೆರೆದರೂ ಅದರ ಬಾಲ ಗೂಡಿನೊಳಗೇ ಇರುತ್ತದೆ. ನಮ್ಮದರಲ್ಲಿ ಮುಕ್ಕಾಲು ತೆರೆದರೆ ತೂಗಾಡುತ್ತದೆ. ಹಳೆಯದರ ದವಡೆಯ ಕತ್ತು ನೇರವಾಗಿ ಇಳಿದು ಬುಡದಲ್ಲಿ ಅಗಲವಾಗುತ್ತದೆ. ನಮ್ಮದರಲ್ಲಿ ಹೊರಗಿನಿಂದ ಚಂದದ ಗುಂಡು, ಒಳಗೆ ಪೊಳ್ಳು. ಸರಿಯಾಗಿ ಆ ಪೊಳ್ಳು ಶುರುವಾಗುವಲ್ಲೇ ಅದು ಮುರಿದದ್ದು. ಹೊಸದರಲ್ಲಿ ಹೆಚ್ಚಾಗಿರುವುದೂ ಇದೆ. ಬುಡ ಸುತ್ತ ತಿರುಗುತ್ತದೆ, ಹಿಂದೆ ಸಣ್ಣ ಅಡಿಗಲ್ಲಿನಂಥ ಚಪ್ಪಟೆ ಜಾಗವಿದೆ. ಆ ಜಾಗ ನೋಡಿದ ಯಾರಿಗಾದರೂ ಸುತ್ತಿಗೆ ಎತ್ತಬೇಕು ಅನಿಸುತ್ತದೆ.

ಇಲ್ಲಿ ಅಪ್ಪನ ತಪ್ಪನ್ನೂ ಹೇಳಬೇಕು. ಎರಕದ ವೈಸ್ ಬಡಿಯಲಿಕ್ಕೆ ಮಾಡಿದ್ದಲ್ಲ. ಅದಕ್ಕಿಂತ ಹಳೆಯದು ಕುಲುಮೆಯ ಕಾಲಿನ ವೈಸ್. ಬಡಿದು ಮಾಡಿದ ಕಬ್ಬಿಣ, ಒಂದು ಕಾಲು ನೆಲದವರೆಗೆ ಇಳಿದಿರುತ್ತದೆ, ಸುತ್ತಿಗೆಯ ಏಟು ನೇರ ನೆಲಕ್ಕೆ ಹೋಗುತ್ತದೆ. ಅದರ ಕೊರತೆಯೆಂದರೆ ದವಡೆ ಬಾಗಿಲಿನ ಹಾಗೆ ಕೀಲಿನ ಮೇಲೆ ತೆರೆಯುವುದರಿಂದ ಅಗಲದ ವಸ್ತುವನ್ನು ಓರೆಯಾಗಿ ಕಚ್ಚುತ್ತದೆ. ದವಡೆಗಳು ಸಮಾನಾಂತರವಾಗಿ ಜಾರುವ ಎರಕದ ವೈಸ್ 19ನೇ ಶತಮಾನದಲ್ಲಿ ಹಬ್ಬಿತು, ನೇರವಾಗಿ ಹಿಡಿಯಿತು, ಆದರೆ ಏಟು ತಿನ್ನುವ ಗುಣ ಹೋಯಿತು. ಸಾಮಾನ್ಯ ಬೂದು ಎರಕದಲ್ಲಿ ಇಂಗಾಲ ಸಣ್ಣ ಸಣ್ಣ ಹಾಳೆಗಳಂತೆ ಹರಡಿರುತ್ತದೆ. ಪ್ರತಿ ಹಾಳೆಯ ಅಂಚೂ ಬಿರುಕಿಗೆ ದಾರಿ. 1940ರ ದಶಕದಲ್ಲಿ ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿ, ಇಂಗಾಲ ಉಂಡೆ ಕಟ್ಟುವಂತೆ ಮಾಡುವುದನ್ನು ಕಂಡುಕೊಂಡರು. ಎಸ್‌ಜಿ ಐರನ್ ಎನ್ನುವುದು ಅದನ್ನೇ. ಅದು ಮುರಿಯುವ ಮುಂಚೆ ಸ್ವಲ್ಪ ಬಗ್ಗುತ್ತದೆ, ಕೈ ತೆಗೆಯಲು ಸಮಯ ಕೊಡುತ್ತದೆ. ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಎಳೆಯುತ್ತದೆ, ಬೂದು ಎರಕದ ಸದ್ದು ಬೇಗ ಸಾಯುತ್ತದೆ. ಬಣ್ಣ ಬಳಿದ ಮೇಲೆ ಕಣ್ಣಿಗೆ ಎರಡೂ ಒಂದೇ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಯಾವ ಹೆಸರಿನಲ್ಲಾದರೂ ಮಾರಲಿ, ಯಾವ ಬಣ್ಣವಾದರೂ ಬಳಿಯಲಿ. ಹೊಯ್ದ ಎರಕಮನೆಯ ಗುರುತು, ಲೋಹ ಯಾವುದು, ಯಾವ ವರ್ಷ, ಈ ಮೂರು ಎರಕದಲ್ಲೇ ಉಬ್ಬಿ ನಿಂತಿರಲಿ. ಸ್ಟಿಕ್ಕರಿನಲ್ಲಿ ಬೇಡ. ಅಚ್ಚಿನಲ್ಲಿ ಒಮ್ಮೆ ಕೆತ್ತಿದರೆ ಸಾವಿರ ವೈಸಿಗೆ ಬರುತ್ತದೆ, ಆ ಗೀರು ಬಂದ ಹಾಗೆ. ಬೆಂಚ್ ವೈಸಿಗೆ ಐಎಸ್ 2586 ಎಂಬ ಭಾರತೀಯ ಮಾನದಂಡವಿದೆ, ಅಂಗಡಿಯಲ್ಲಿ ಅದರ ಹೆಸರೆತ್ತಿ ಕೇಳುವ ಗಿರಾಕಿಗಳು ಹೆಚ್ಚಾಗಲಿ. ನಮ್ಮ ಐಟಿಐ ಪಾಠದಲ್ಲಿ ವೈಸಿನ ಅಳತೆ ಎಂದರೆ ದವಡೆಯ ಅಗಲ ಎಂದು ಬಾಯಿಪಾಠ ಮಾಡಿಸುತ್ತಾರೆ. ತೂಗಿ ನೋಡುವುದನ್ನು, ತಟ್ಟಿ ಕೇಳುವುದನ್ನು, ಮಗುಚಿ ನೋಡುವುದನ್ನು ಒಂದು ದಿನ ಮಾಡಿಸಿದರೆ ಸಾಕು.

ಡಬ್ಬಿಯ ಮೇಲಿದ್ದ ವಿಳಾಸಕ್ಕೆ ಎರಡು ಪತ್ರ ಬರೆದೆ. ಉತ್ತರ ಬಂದಿಲ್ಲ. ಕೆಂಪು ವೈಸನ್ನು ಈಗ ಅರ ಹಾಕಲು ಮಾತ್ರ ಬಳಸುತ್ತೇವೆ. ಬಡಿಯುವ ಕೆಲಸಕ್ಕೆ ಅಪ್ಪ ಒಂದು ತುಂಡು ರೈಲುಕಂಬಿ ತಂದಿಟ್ಟಿದ್ದಾರೆ. ಕೊಂಡ ತಿಂಗಳು, ವರ್ಷವನ್ನು ನಂಬರ್ ಪಂಚಿನಿಂದ ವೈಸಿನ ಬುಡಕ್ಕೆ ನಾನೇ ಮೆತ್ತಗೆ ಹೊಡೆದಿದ್ದೇನೆ. ಅದರ ಪಕ್ಕ ಎರಡು ಬೆರಳಗಲ ಜಾಗ ಖಾಲಿ ಬಿಟ್ಟಿದ್ದೇನೆ, ಹೊಯ್ದವರ ಹೆಸರು ಗೊತ್ತಾದ ದಿನಕ್ಕೆ.